ಪೀಣ್ಯದ ಆಫರ್, ಮಾಚೇನಹಳ್ಳಿಯ ಕೌಂಟರ್: ಯಾವುದನ್ನ ಹಿಡೀಲಿ?

ತುಂಗಾತೀರ:
ಶಿವಮೊಗ್ಗದ ಮಾಚೇನಹಳ್ಳಿ ಇಂಡಸ್ಟ್ರಿಯಲ್ ಏರಿಯಾದ ಫೌಂಡ್ರಿಯಲ್ಲಿ (ಎರಕದ ಕಾರ್ಖಾನೆ) ಕ್ವಾಲಿಟಿ ಇಂಜಿನಿಯರ್. ಸರ್ವಿಸ್ 4 ವರ್ಷ 4 ತಿಂಗಳು, ಬೇಸಿಕ್ 24,000, ಕೈಗೆ 38,000. ಬೆಂಗಳೂರಿನ ಪೀಣ್ಯದ ಕಂಪನಿಯಿಂದ ವರ್ಷಕ್ಕೆ 8.4 ಲಕ್ಷ ಸಿಟಿಸಿ (ಕಂಪನಿ ನನಗೆ ಮಾಡೋ ಒಟ್ಟು ಖರ್ಚು) ಆಫರ್ ಇದೆ. ಇಲ್ಲಿನವರು ಕೈಗೆ 46,000 ಕೊಡ್ತೀವಿ, ಇರಿ ಅಂತ ಕೌಂಟರ್ ಆಫರ್ ಇಟ್ಟಿದ್ದಾರೆ. ನೋಟಿಸ್ 60 ದಿನ, ರಾಜೀನಾಮೆ ಇನ್ನೂ ಕೊಟ್ಟಿಲ್ಲ. ಹೇಗೆ ತೂಗಿ ನೋಡೋದು?

ಅಡಿಕೆಸಾಲು:
8.4 ಲಕ್ಷನ 12ರಿಂದ ಭಾಗಿಸಿ 70,000 ಅಂದ್ಕೊಂಡ್ರೆ ಕೆಟ್ರಿ ಮಾರಾಯ್ರೆ. ಆಫರ್ ಲೆಟರ್ ಹಿಂದಿನ ಅನೆಕ್ಷರ್ (ಸಂಬಳದ ವಿವರಪಟ್ಟಿ) ತೆಗೀರಿ. ಬೇಸಿಕ್ 35,000, ವೇರಿಯಬಲ್ (ಕೆಲಸದ ಸಾಧನೆ ನೋಡಿ ಕೊಡೋ ಭಾಗ) ಸಿಟಿಸಿಯ ಶೇ. 10 ಅಂತಿಟ್ಕೊಳ್ಳಿ. ವೇರಿಯಬಲ್ 84,000, ಕಂಪನಿ ಪಾಲಿನ ಪಿಎಫ್ 50,400, ಗ್ರಾಚ್ಯುಟಿ (ಕೆಲಸ ಬಿಡುವಾಗ ಸರ್ವಿಸ್ ನೋಡಿ ಕೊಡೋ ಇಡಿಗಂಟು) ಹೆಸರಲ್ಲಿ ಬೇಸಿಕ್‌ನ ಶೇ. 4.81, ಅಂದ್ರೆ ಸುಮಾರು 20,200. ಇದ್ಯಾವುದೂ ತಿಂಗಳ ಸಂಬಳದಲ್ಲಿ ಬರಲ್ಲ. ಉಳಿಯೋದು ತಿಂಗಳಿಗೆ 57,100. ಅದರಲ್ಲಿ ನಿಮ್ಮ ಪಾಲಿನ ಪಿಎಫ್ 4,200, ವೃತ್ತಿ ತೆರಿಗೆ 200 ಹೋಗಿ 52,700. ಇಲ್ಲಿನ 46,000ಕ್ಕಿಂತ 6,700 ಜಾಸ್ತಿ, ಅದು ಬೆಂಗಳೂರಿನ ಮನೆ ಬಾಡಿಗೆಗೇ ಸಾಲಲ್ಲ. ವೇರಿಯಬಲ್ ಪೂರ್ತಿ ಸಿಗುತ್ತೆ ಅಂತ ನಂಬ್ಕೊಂಡು ಲೆಕ್ಕ ಹಾಕ್ಬೇಡಿ.

ಹಾಜರಿಪುಸ್ತಕ:
ಈಗಿನ ಕಂಪನಿಯ ಗ್ರಾಚ್ಯುಟಿ ಬಿಟ್ಟುಹೋಯ್ತಲ್ಲ. ಕಾಯಂ ನೌಕರರಿಗೆ 5 ವರ್ಷ ತುಂಬ್ಬೇಕು. ಬೇಸಿಕ್ ಮತ್ತು ಡಿಎ (ತುಟ್ಟಿಭತ್ಯೆ) ಕೂಡಿಸಿ, 15ರಿಂದ ಗುಣಿಸಿ, 26ರಿಂದ ಭಾಗಿಸಿ, ವರ್ಷದಿಂದ ಗುಣಿಸೋದು. 24,000ಕ್ಕೆ 5 ವರ್ಷಕ್ಕೆ 69,230 ಬರುತ್ತೆ. 4 ವರ್ಷ 240 ದಿನಕ್ಕೂ ಸಿಗುತ್ತೆ ಅಂತ ಮದ್ರಾಸ್ ಹೈಕೋರ್ಟ್ ಹೇಳಿದ್ದಿದೆ, ಆದ್ರೆ ನೋಟಿಸ್ ಸೇರಿಸಿದ್ರೂ ನಿಮಗೆ ನಾಲ್ಕೂವರೆ ವರ್ಷವೇ, ಅಲ್ಲಿಗೂ ಮುಟ್ಟಲ್ಲ. ಹೋಗೋದಾದ್ರೆ ಈ ಮೊತ್ತನ ಪೀಣ್ಯದವರ ಹತ್ರ ಜಾಯ್ನಿಂಗ್ ಬೋನಸ್ ಅಂತ ಕೇಳಿ.

ಕೌಂಟರ್ ಬಾಯಿಮಾತಲ್ಲಿದ್ರೆ ಅದು ಕೌಂಟರ್ರೇ ಅಲ್ಲ. ಲೆಟರ್‌ಹೆಡ್‌ನಲ್ಲಿ ಬರಲಿ: ಯಾವ ತಿಂಗಳಿಂದ, ಬೇಸಿಕ್ ಎಷ್ಟು, ಏಪ್ರಿಲ್ ಇನ್‌ಕ್ರಿಮೆಂಟ್ ಬೇರೆಯೋ ಇದರಲ್ಲೇ ಸೇರಿದ್ಯೋ. ಎಷ್ಟೋ ಸಲ ಏಪ್ರಿಲ್‌ದೇ ದುಡ್ಡನ್ನ ಮುಂಚೆ ಕೊಟ್ಟು ಆಮೇಲೆ ಸುಮ್ಮನಾಗ್ತಾರೆ. ಏರಿಕೆ ಪೂರ್ತಿ ಸ್ಪೆಷಲ್ ಅಲೋಯನ್ಸ್‌ಗೆ ಹೋದ್ರೆ ಪಿಎಫ್, ಗ್ರಾಚ್ಯುಟಿ ಹೆಚ್ಚುಕಮ್ಮಿ ಇದ್ದಲ್ಲೇ ನಿಲ್ಲುತ್ತೆ. ಬಾಂಡ್ (ಇಷ್ಟು ದಿನ ಬಿಟ್ಟು ಹೋಗಲ್ಲ ಅನ್ನೋ ಕರಾರು) ಸೈನ್ ಮಾಡಿ ಅಂದ್ರೆ ಅವಧಿ, ದಂಡ ಎರಡೂ ಓದಿ.

ತುಂಗಾತೀರ:
ಏಪ್ರಿಲ್ ವಿಷಯ ಕೇಳೇ ಇರ್ಲಿಲ್ಲ. ನಾಳೆ ಕೇಳ್ತೀನಿ.

ಗೇಜ್_ಬ್ಲಾಕ್:
ದುಡ್ಡು ಸರಿಸಮ ಅಂತಾಯ್ತಲ್ಲ, ಕೆಲಸ ನೋಡಿ. ಇಲ್ಲಿ ಬ್ಲೋಹೋಲ್, ಶ್ರಿಂಕೇಜ್ ಅಂತ ಎರಕದ ದೋಷಗಳ ರಿಜೆಕ್ಷನ್ ಪಟ್ಟಿ ಬರೆಯೋದೇ ಆಗಿದ್ದು, ಅಲ್ಲಿ ಸಿಎಂಎಂ (ನಿಖರ ಅಳತೆಯ ಯಂತ್ರ) ಪ್ರೋಗ್ರಾಮಿಂಗ್, ಪಿಪಿಎಪಿ (ಬಿಡಿಭಾಗಕ್ಕೆ ಗ್ರಾಹಕರ ಒಪ್ಪಿಗೆ ಪಡೆಯೋ ದಾಖಲೆ) ಫೈಲು ನಿಮ್ಮ ಕೈಗೇ ಬರೋದಾದ್ರೆ ನಾನಂತೂ ಹೋಗಿ ಅಂತೀನಿ. ಅಲ್ಲೂ ಲೈನ್ ಇನ್‌ಸ್ಪೆಕ್ಷನ್ನೇ ಅಂದ್ರೆ 8 ತಿಂಗಳು ಕಾದು, 5 ವರ್ಷ ಮುಗಿಸಿ ಹೊರಡಿ.

ಒಂದು ಮಾತು: ಪೀಣ್ಯದವರ ಬ್ಯಾಕ್‌ಗ್ರೌಂಡ್ ವೆರಿಫಿಕೇಷನ್ ಮುಗಿಯೋ ತನಕ ರಾಜೀನಾಮೆ ಕೊಡ್ಬೇಡಿ. ಹೊರಟ ಮೇಲೆ ರಿಲೀವಿಂಗ್ ಲೆಟರ್ ಕೈಗೆ ತಗೊಳ್ಳಿ, ಹಳೇ ಯುಎಎನ್ (ಪಿಎಫ್ ಸದಸ್ಯರ ಖಾಯಂ ಸಂಖ್ಯೆ) ನಂಬರನ್ನೇ ಕೊಟ್ಟು ಪಿಎಫ್ ಟ್ರಾನ್ಸ್‌ಫರ್ ಮಾಡಿಸಿ. 5 ವರ್ಷದೊಳಗೆ ವಿತ್‌ಡ್ರಾ ಮಾಡಿದ್ರೆ ಅದು ತೆರಿಗೆ ಲೆಕ್ಕಕ್ಕೆ ಸೇರುತ್ತೆ.