ಹತ್ತನೇ ಕ್ಲಾಸಿನ ಮಗಳು ಮಾತೇ ಕಡಿಮೆ ಮಾಡಿದ್ದಾಳೆ. ಟ್ಯೂಷನ್ ಬಿಡಿಸಲಾ? ನಿಮ್ಮ ಅನುಭವ ಹೇಳಿ

ಕೇಳಿದವರು: ಒಬ್ಬ ತಾಯಿ, ಮಂಡ್ಯ

ಎಲ್ಲರಿಗೂ ನಮಸ್ಕಾರ. ನನ್ನ ಮಗಳದು ಈ ಸಲ ಎಸ್ಸೆಸ್ಸೆಲ್ಸಿ. ಬೆಳಿಗ್ಗೆ ಐದೂವರೆಗೆ ಗಣಿತದ ಟ್ಯೂಷನ್. ಆಮೇಲೆ ಸ್ಕೂಲು, ಅಲ್ಲೇ ಸಂಜೆ ವಿಶೇಷ ತರಗತಿ. ಏಳಕ್ಕೆ ವಿಜ್ಞಾನದ ಟ್ಯೂಷನ್. ಮನೆ ಸೇರುವಾಗ ಎಂಟೂವರೆ.

ಹೋದ ವರ್ಷದವರೆಗೆ ಅವಳು ಹೀಗಿರಲಿಲ್ಲ. ನಮ್ಮಪ್ಪನ ಊರು ಮದ್ದೂರು ತಾಲ್ಲೂಕು, ಕೊಕ್ಕರೆಬೆಳ್ಳೂರಿನ ಪಕ್ಕ. ರಜೆ ಬಂತು ಅಂದರೆ ತಾತನ ಜೊತೆ ಅಲ್ಲೇ ಇರುತ್ತಿದ್ದಳು. ಯಾವ ಹುಣಸೆ ಮರದಲ್ಲಿ ಎಷ್ಟು ಹೆಜ್ಜಾರ್ಲೆ ಗೂಡು, ಎಷ್ಟು ಬಣ್ಣದ ಕೊಕ್ಕರೆ ಗೂಡು ಅಂತ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದಳು. ಮೂರು ವರ್ಷದ ಲೆಕ್ಕ ಅದರಲ್ಲಿದೆ. ಈ ವರ್ಷ ಒಂದು ಅಕ್ಷರ ಬರೆದಿಲ್ಲ.

ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ವಿಜ್ಞಾನಕ್ಕೆ 80ಕ್ಕೆ 41 ಬಂತು. ಅವತ್ತಿನಿಂದ ಟೆಸ್ಟ್ ಇದ್ದ ದಿನ ತಿಂಡಿ ಸೇರುವುದಿಲ್ಲ. ಕೇಳಿದರೆ "ಏನಿಲ್ಲಮ್ಮ" ಅಂತಾಳೆ. ನಮ್ಮ ಮನೆಯವರು ಇನ್ನೊಂದು ಟ್ಯೂಷನ್ ಸೇರಿಸೋಣ ಅಂತಾರೆ. ನನಗೆ ಇರುವುದನ್ನೇ ಬಿಡಿಸೋಣ ಅನ್ನಿಸುತ್ತಿದೆ. ಪರೀಕ್ಷೆಗೆ ಎರಡು ತಿಂಗಳೂ ಇಲ್ಲ. ಯಾರಾದರೂ ಹೀಗೆ ಬಿಡಿಸಿದ್ದೀರಾ? ಏನಾಯ್ತು?

ಕಬ್ಬು ಬೆಳೆಗಾರ, ಮಂಡ್ಯ ತಾಲ್ಲೂಕು

ತಾಯಿ, ನಮ್ಮ ಮನೆಯಲ್ಲಿ ನಡೆದದ್ದನ್ನೇ ಹೇಳುತ್ತೇನೆ. ನನ್ನ ಮಗ ಎರಡು ವರ್ಷದ ಹಿಂದೆ ಎಸ್ಸೆಸ್ಸೆಲ್ಸಿ ಮುಗಿಸಿದ. ಅವನಿಗೂ ವಿಜ್ಞಾನವೇ ಕಷ್ಟ. ಅದರಲ್ಲೂ ಆಮ್ಲ, ಪ್ರತ್ಯಾಮ್ಲ, ಲವಣ ಅನ್ನುವ ಪಾಠ. ಬಾಯಿಪಾಠ ಮಾಡುತ್ತಿದ್ದ, ಮಾರನೇ ದಿನ ಮರೆಯುತ್ತಿದ್ದ. ಟ್ಯೂಷನ್ನಿನಲ್ಲಿ ಬೈಸಿಕೊಂಡು ಬಂದು ಮೂಲೆ ಸೇರುತ್ತಿದ್ದ. ನಾನೂ ಬೈದಿದ್ದೇನೆ. ಅದನ್ನು ನೆನೆದರೆ ಈಗಲೂ ನೋವಾಗುತ್ತದೆ.

ಆ ಜನವರಿಯಲ್ಲಿ ನಮ್ಮ ಕಬ್ಬನ್ನು ಪಕ್ಕದೂರಿನ ಆಲೆಮನೆಗೆ ಹಾಕಿದ್ದೆವು. ಒಂದು ಭಾನುವಾರ ಟ್ಯೂಷನ್ ತಪ್ಪಿಸಿ ಅವನನ್ನು ಜೊತೆಗೆ ಕರೆದುಕೊಂಡು ಹೋದೆ. ಪಾಠ ಕಲಿಯಲಿ ಅಂತ ಅಲ್ಲ. ಹುಡುಗ ಒಂದು ದಿನ ಹೊರಗೆ ಬರಲಿ ಅಂತ ಅಷ್ಟೇ. ಗಾಣದಿಂದ ಬಂದ ಕಬ್ಬಿನ ಹಾಲನ್ನು ಕೊಪ್ಪರಿಗೆಗೆ ಬಿಟ್ಟರು. ಕಾದ ಮೇಲೆ ಬೆಲ್ಲ ಮಾಡುವವರು ಸುಣ್ಣದ ನೀರು ಹಾಕಿದರು. ಕೊಳೆ ಎಲ್ಲ ನೊರೆಯಾಗಿ ಮೇಲೆ ಬಂತು, ಅದನ್ನು ತೆಗೆದು ಹಾಕಿದರು. ಮಗ ಕೇಳಿದ, "ಸುಣ್ಣ ಯಾಕೆ?" ಅವರು ಹೇಳಿದರು, "ಹಾಲಿನಲ್ಲಿ ಹುಳಿ ಇರ್ತದಪ್ಪ. ಸುಣ್ಣ ಆ ಹುಳಿ ಮುರೀತದೆ. ಹುಳಿ ಉಳಿದರೆ ಬೆಲ್ಲ ಗಟ್ಟಿ ಕೂರಲ್ಲ. ಸುಣ್ಣ ಜಾಸ್ತಿ ಆದರೆ ಬೆಲ್ಲ ಕಪ್ಪಾಗ್ತದೆ."

ನನ್ನ ಮಗ ಸುಮ್ನೆ ನಿಂತುಬಿಟ್ಟ. ಆಮೇಲೆ ಮೆಲ್ಲಗೆ, "ಅಪ್ಪ, ಇದು ತಟಸ್ಥೀಕರಣ" ಅಂದ. ನನಗೆ ಆ ಪದ ಗೊತ್ತಿರಲಿಲ್ಲ. ಆಮ್ಲದ ಹುಳಿಯನ್ನು ಪ್ರತ್ಯಾಮ್ಲ ಮುರಿಯುವುದು ಅಂತ ಅವನೇ ಬಿಡಿಸಿ ಹೇಳಿದ. ಮುಂದಿನ ಭಾನುವಾರ ಶಾಲೆಯ ವಿಜ್ಞಾನದ ಮೇಷ್ಟ್ರನ್ನು ಕೇಳಿ ಹುಳಿ ಎಷ್ಟಿದೆ ಅಂತ ಬಣ್ಣದಲ್ಲಿ ತೋರಿಸುವ ಪಿಎಚ್ ಕಾಗದದ ನಾಲ್ಕು ಚೂರು ತಂದ. ಸುಣ್ಣ ಹಾಕುವ ಮೊದಲು ಒಂದು ಅದ್ದಿದ, ಹಾಕಿದ ಮೇಲೆ ಒಂದು. ಹಳದಿ ಬಂದದ್ದು ಆಮೇಲೆ ಹಸಿರಿಗೆ ತಿರುಗಿತು. ಆ ಎರಡು ಚೂರನ್ನು ನೋಟ್ಸಿನಲ್ಲಿ ಅಂಟಿಸಿದ್ದ. ಇನ್ನೂ ಇದೆ.

ಕಬ್ಬಿನ ಬೆಲ್ಲ ನಮ್ಮ ಮನೆಯ ಅನ್ನ. ಇಷ್ಟು ವರ್ಷ ಅದನ್ನೇ ಬೆಳೆದೂ, ಮಗನ ಪುಸ್ತಕದಲ್ಲಿ ಇರುವುದು ಅದೇ ಅಂತ ನನಗೂ ಹೊಳೆದಿರಲಿಲ್ಲ, ಅವನಿಗೂ ಹೊಳೆದಿರಲಿಲ್ಲ. ಯಾರೂ ಆ ಎರಡನ್ನು ಸೇರಿಸಿ ಹೇಳಿರಲಿಲ್ಲ.

ಅದಾದ ಮೇಲೆ ಎಲ್ಲ ಸರಿಹೋಯಿತು ಅಂತ ಹೇಳಲ್ಲ. ವಿಜ್ಞಾನಕ್ಕೆ ಒಟ್ಟು 100ಕ್ಕೆ 68 ಬಂತು. ನೆಂಟರು ಕೇಳಿ ಮುಖ ಸಣ್ಣ ಮಾಡಿದರು. ಆದರೆ ಹುಡುಗ ಊಟಕ್ಕೆ ಕೂತಾಗ ಮತ್ತೆ ಮಾತಾಡಲು ಶುರು ಮಾಡಿದ್ದ. ಈಗ ಪಾಲಿಟೆಕ್ನಿಕ್‌ನಲ್ಲಿ ಡಿಪ್ಲೊಮಾ ಮಾಡುತ್ತಿದ್ದಾನೆ. ಮುಗಿದ ಮೇಲೆ ಡಿಸಿಇಟಿ ಅನ್ನುವ ಪ್ರವೇಶ ಪರೀಕ್ಷೆ ಬರೆದು ನೇರವಾಗಿ ಎಂಜಿನಿಯರಿಂಗ್ ಎರಡನೇ ವರ್ಷಕ್ಕೆ ಸೇರಬಹುದು. ದಾರಿ ಒಂದೇ ಇಲ್ಲ ತಾಯಿ. ನಿಮ್ಮ ಮಗಳ ನೋಟ್‌ಬುಕ್ ವಿಷಯ ಓದಿ ನನಗೆ ಹೊಟ್ಟೆಯಲ್ಲಿ ಏನೋ ಆಯಿತು. ಅದನ್ನು ಮಾತ್ರ ಬಿಡಿಸಬೇಡಿ.

ಇಬ್ಬರು ಮಕ್ಕಳ ತಾಯಿ, ಕುವೆಂಪುನಗರ, ಮೈಸೂರು

ನಾನು ಸ್ವಲ್ಪ ಬೇರೆ ಮಾತು ಹೇಳಬೇಕು. ಬೇಜಾರು ಮಾಡಿಕೊಳ್ಳಬೇಡಿ ಅಕ್ಕ.

ನನ್ನ ದೊಡ್ಡ ಮಗನಿಗೆ ಹೀಗೇ ಆದಾಗ ನಾನು ಸಿಟ್ಟಿನಲ್ಲಿ ಒಂದೇ ದಿನ ಎಲ್ಲ ಟ್ಯೂಷನ್ ಬಿಡಿಸಿದೆ. ಮಗುವಿಗೆ ಒಳ್ಳೆಯದಾಗಲಿ ಅಂತಲೇ ಮಾಡಿದ್ದು. ಆದರೆ ಖಾಲಿಯಾದ ಹೊತ್ತಿಗೆ ಬೇರೇನೂ ಇರಲಿಲ್ಲ. ಮೊಬೈಲ್ ಬಂದು ಕೂತಿತು. ಹದಿನೈದು ದಿನದಲ್ಲಿ ಅವನಿಗೆ ಭಯ ಇನ್ನೂ ಜಾಸ್ತಿ ಆಯಿತು, ಯಾಕೆಂದರೆ ಈಗ ಓದೂ ಇಲ್ಲ, ಕೇಳಲು ಯಾರೂ ಇಲ್ಲ. "ನನ್ನನ್ನು ಯಾಕೆ ಕೇಳಲಿಲ್ಲ? ಕೆಮಿಸ್ಟ್ರಿ ಮೇಡಂ ನನಗೆ ಇಷ್ಟ ಇದ್ರು" ಅಂದ. ಆ ಮಾತು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಸೇರಿಸುವಾಗಲೂ ಕೇಳಿರಲಿಲ್ಲ, ಬಿಡಿಸುವಾಗಲೂ ಕೇಳಲಿಲ್ಲ.

ಹಾಗಾಗಿ ನಿಮ್ಮ ಮನೆಯವರು ಸರಿಯಾ ನೀವು ಸರಿಯಾ ಅನ್ನುವುದಕ್ಕಿಂತ ಮೊದಲು ಅವಳನ್ನು ಕೇಳಿ. ಅಡುಗೆಮನೆಯಲ್ಲಿ, ಕೈಯಲ್ಲಿ ಏನಾದರೂ ಕೆಲಸ ಇರುವಾಗ ಕೇಳಿ. ಎದುರಿಗೆ ಕೂರಿಸಿಕೊಂಡು ಕೇಳಿದರೆ "ಏನಿಲ್ಲ" ಅಂತಲೇ ಹೇಳುತ್ತಾಳೆ.

ಚಿಕ್ಕ ಮಗಳ ವಿಷಯದಲ್ಲಿ ನಾವು ಬುದ್ಧಿ ಕಲಿತೆವು. ನಮ್ಮ ಮೈಸೂರು ಮೃಗಾಲಯದಲ್ಲಿ ಯೂತ್ ಕ್ಲಬ್ ಇದೆ, ಮಕ್ಕಳಿಗೆ ಪ್ರಾಣಿ ಪಕ್ಷಿಗಳ ಬಗ್ಗೆ ಅಲ್ಲೇ ಹೇಳಿಕೊಡುತ್ತಾರೆ. ಅದಕ್ಕೆ ಸೇರಿಸಿದೆವು. ಹಕ್ಕಿ ಎಣಿಸುವ ನಿಮ್ಮ ಹುಡುಗಿಗೆ ಪರೀಕ್ಷೆ ಮುಗಿದ ಮೇಲೆ ಅದು ಹಿಡಿಸಬಹುದು.

ಬಿಎಸ್ಸಿ ವಿದ್ಯಾರ್ಥಿನಿ, ಮೈಸೂರು

ಆಂಟಿ, ನಾನು ನಿಮ್ಮ ಮಗಳ ಜಾಗದಲ್ಲಿ ಇದ್ದವಳು. 2024ರ ದ್ವಿತೀಯ ಪಿಯುಸಿ ಪರೀಕ್ಷೆ-1ರಲ್ಲಿ ಕೆಮಿಸ್ಟ್ರಿ ಫೇಲಾದೆ. ಓದದೇ ಫೇಲಾಗಿದ್ದಲ್ಲ. ರಾತ್ರಿ ನಾಲ್ಕು ಗಂಟೆ ನಿದ್ದೆ ಮಾಡುತ್ತಿದ್ದೆ. ಪ್ರಶ್ನೆಪತ್ರಿಕೆ ಕೈಗೆ ಬಂದಾಗ ಅಕ್ಷರ ಕಾಣುತ್ತಿತ್ತು, ಅರ್ಥ ಆಗುತ್ತಿರಲಿಲ್ಲ. ತಿಂಡಿ ಸೇರುತ್ತಿಲ್ಲ ಅಂತ ಬರೆದಿದ್ದೀರಲ್ಲ, ನನಗೂ ಅದೇ ಮೊದಲ ಸೂಚನೆ ಆಗಿತ್ತು. ಯಾರೂ ಗಮನಿಸಲಿಲ್ಲ. ನೀವು ಗಮನಿಸಿದ್ದೀರಿ.

ಪರೀಕ್ಷೆ-2ಕ್ಕೆ ಓದುವಾಗ ನಾನು ಅಜ್ಜಿ ಜೊತೆ ಕೂರುತ್ತಿದ್ದೆ. ಅಜ್ಜಿ ಮಲ್ಲಿಗೆ ಕಟ್ಟುತ್ತಾರೆ, ಅಂಗಡಿಗೆ ಕೊಡುತ್ತಾರೆ. ನಾನೂ ಕಟ್ಟುತ್ತಾ ಪಾಠ ಹೇಳುತ್ತಿದ್ದೆ. ಅಜ್ಜಿ ಶಾಲೆಗೆ ಹೋದವರಲ್ಲ. ವಿದ್ಯುತ್ ಹಾಯಿಸಿ ಒಂದು ಲೋಹದ ಮೇಲೆ ಇನ್ನೊಂದನ್ನು ಲೇಪಿಸುವುದು ಹೇಗೆ ಅಂತ ಹೇಳಲು ಹೋಗಿ ಎರಡು ಸಲ ಸೋತೆ. ಮೂರನೇ ಸಲ ಅಜ್ಜಿಯೇ ತಮ್ಮ ಕೈ ಚಾಚಿ, "ಈ ಬಳೆಗೆ ಚಿನ್ನದ ನೀರು ಹಾಕಿಸಿದ್ದೀವಲ್ಲ, ಅದಾ?" ಅಂದರು. ಅದೇ! ಚಿನ್ನ ಎಲ್ಲಿಂದ ಹೊರಡುತ್ತದೆ, ಬಳೆಯನ್ನು ಯಾವ ಕಡೆಗೆ ಕಟ್ಟಬೇಕು, ಯಾಕೆ ಆ ಕಡೆಗೇ ಕಟ್ಟಬೇಕು ಅಂತ ಹೇಳಿ ಮುಗಿಸುವಷ್ಟರಲ್ಲಿ ಇಡೀ ಪಾಠ ನನ್ನ ತಲೆಯಲ್ಲಿ ಕೂತಿತ್ತು. ಅಜ್ಜಿಗೆ ಹೇಳಬೇಕಾದರೆ ನಾನು ಸುಮ್ಮನೆ ಪದ ಒಪ್ಪಿಸಿ ಪಾರಾಗುವ ಹಾಗಿರಲಿಲ್ಲ.

ಇನ್ನೊಂದು ವಿಷಯ, ಇದನ್ನು ನಿಮ್ಮ ಮಗಳಿಗೆ ಖಂಡಿತ ಹೇಳಿ. ಈಗ ಎಸ್ಸೆಸ್ಸೆಲ್ಸಿಗೂ ಪರೀಕ್ಷೆ-1 ಆದ ಮೇಲೆ ಅದೇ ವರ್ಷ ಪರೀಕ್ಷೆ-2 ಇರುತ್ತದೆ. ಪಾಸಾದವರೂ ಅಂಕ ಹೆಚ್ಚಿಸಿಕೊಳ್ಳಲು ಬರೆಯಬಹುದು. ಎರಡರಲ್ಲಿ ಯಾವುದು ಜಾಸ್ತಿಯೋ ಅದೇ ಉಳಿಯುತ್ತದೆ. ವರ್ಷ ಹಾಳಾಗುವುದಿಲ್ಲ. ನನಗೆ ಪರೀಕ್ಷೆಗೆ ಮುಂಚೆ ಯಾರಾದರೂ ಇದನ್ನು ಸಮಾಧಾನವಾಗಿ ಹೇಳಿದ್ದರೆ ಎಷ್ಟೋ ರಾತ್ರಿ ನಿದ್ದೆ ಬರುತ್ತಿತ್ತು.

ನಿವೃತ್ತ ಶಿಕ್ಷಕ, ಮೈಸೂರು ಜಿಲ್ಲೆ

ತಾಯಿ, 80ಕ್ಕೆ 41 ಅಂದರೆ ಗಾಬರಿ ಪಡುವ ಅಂಕವಲ್ಲ. ವಿಜ್ಞಾನಕ್ಕೆ ಬರವಣಿಗೆ 80, ಆಂತರಿಕ ಅಂಕ 20. ಆ 20 ಇದರಲ್ಲಿ ಸೇರಿಲ್ಲ. ಮೊದಲು ಅವಳ ಉತ್ತರಪತ್ರಿಕೆ ತರಿಸಿ ಜೊತೆಗೆ ಕೂತು ನೋಡಿ. ಹೋದ 39 ಅಂಕ ಎಲ್ಲೆಲ್ಲಿ ಹೋಗಿದೆ? ನನ್ನ ಅನುಭವದಲ್ಲಿ ಹೆಚ್ಚಿನ ಮಕ್ಕಳಿಗೆ ಎರಡು ಮೂರು ಪಾಠದಲ್ಲೇ ಬಹುಪಾಲು ಹೋಗಿರುತ್ತದೆ. "ವಿಜ್ಞಾನ ಬರಲ್ಲ" ಅನ್ನುವ ಮಗುವಿಗೆ "ನಿನಗೆ ಬೆಳಕಿನ ಪಾಠ ಒಂದು ಬರಲ್ಲ, ಉಳಿದದ್ದು ಬರುತ್ತೆ" ಅಂತ ತೋರಿಸಿದರೆ ಮುಖವೇ ಬದಲಾಗುತ್ತದೆ. ಪರೀಕ್ಷಾ ಮಂಡಳಿಯ ಮಾದರಿ ಪ್ರಶ್ನೆಪತ್ರಿಕೆಗಳು ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತವೆ. ಅದಕ್ಕೆ ಇನ್ನೊಂದು ಟ್ಯೂಷನ್ ಬೇಕಿಲ್ಲ.

1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ನಲಿ-ಕಲಿ ಶುರುವಾದಾಗ ನಾನು ಅಲ್ಲಿ ಪ್ರಾಥಮಿಕ ಶಾಲೆಯಲ್ಲಿದ್ದೆ. ನಮ್ಮ ತಾಲ್ಲೂಕಿನ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿ ಶಾಲೆಗೆ ಹೋಗಿ ನೋಡಿ ಬಂದು, ಯುನಿಸೆಫ್ ನೆರವಿನಲ್ಲಿ ಕಟ್ಟಿದ ಪದ್ಧತಿ ಅದು. ಆಮೇಲೆ ಇಡೀ ರಾಜ್ಯಕ್ಕೆ ಹೋಯಿತು. ಪ್ರತಿ ಮಗುವೂ ತನ್ನ ಕಾರ್ಡ್ ಹಿಡಿದು ತನ್ನ ವೇಗದಲ್ಲಿ ಮೆಟ್ಟಿಲು ಹತ್ತುತ್ತಿತ್ತು. ಜ್ವರ ಬಂದು ವಾರ ಬಿಟ್ಟ ಮಗು ವಾಪಸ್ ಬಂದು ತಾನು ನಿಲ್ಲಿಸಿದ ಕಾರ್ಡಿನಿಂದಲೇ ಶುರು ಮಾಡುತ್ತಿತ್ತು. ಹಿಂದೆ ಬಿದ್ದೆ ಅನ್ನುವ ಮಾತೇ ಇರಲಿಲ್ಲ. ಅದೇ ಮಕ್ಕಳು ಹತ್ತನೇ ಕ್ಲಾಸಿಗೆ ಬರುವ ಹೊತ್ತಿಗೆ ಎಲ್ಲರಿಗೂ ಒಂದೇ ಓಟ. ನಾನು ಬಡ್ತಿ ಸಿಕ್ಕಿ ಪ್ರೌಢಶಾಲೆಯಲ್ಲಿ ಗಣಿತ ಕಲಿಸುವಾಗ ಈ ನೋವು ಪ್ರತಿ ವರ್ಷ ಕಂಡಿದ್ದೇನೆ.

ಗಣಿತ ಅಂದರೆ ಹೆದರುವ ಮಕ್ಕಳಿಗೆ ನಾನು ಮಾಡುತ್ತಿದ್ದದ್ದು ಇಷ್ಟೇ. ಮಳೆಗಾಲದಲ್ಲಿ ಪೇಪರ್ ತಂದು ಕೆಆರ್‌ಎಸ್ ನೀರಿನ ಮಟ್ಟ ಬೋರ್ಡಿನ ಮೇಲೆ ಬರೆಯುತ್ತಿದ್ದೆ. ಗರಿಷ್ಠ 124.80 ಅಡಿ, ಇವತ್ತು ಎಷ್ಟು, ಒಳಹರಿವು ಎಷ್ಟು, ಹೊರಹರಿವು ಎಷ್ಟು. ರೈತರ ಮನೆಯ ಮಕ್ಕಳಿಗೆ ಆ ಸಂಖ್ಯೆ ಯಾಕೆ ಬೇಕು ಅಂತ ಹೇಳಿಕೊಡಬೇಕಾಗಿಲ್ಲ. ಒಂದು ದಿನ ಒಬ್ಬ ಹುಡುಗ ಕೇಳಿದ, "ಸಾರ್, ಒಂದು ಟಿಎಂಸಿ ಅಂದರೆ ಎಷ್ಟು ಕ್ಯೂಸೆಕ್?" ಲೆಕ್ಕ ಹಾಕಲು ಅವನಿಗೇ ಬಿಟ್ಟೆ. ಸೆಕೆಂಡಿಗೆ ಒಂದು ಘನ ಅಡಿ ಹರಿದರೆ ಒಂದು ಕ್ಯೂಸೆಕ್. ದಿನಕ್ಕೆ 86,400 ಸೆಕೆಂಡು. ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ. ಭಾಗಿಸಿ ಭಾಗಿಸಿ ಸುಮಾರು 11,574 ತಂದ. ಅಂದರೆ ಅಷ್ಟು ಕ್ಯೂಸೆಕ್ ಒಂದು ದಿನ ಪೂರ್ತಿ ಹರಿದರೆ ಒಂದು ಟಿಎಂಸಿ. ಇಡೀ ಕ್ಲಾಸು ಅವತ್ತು ಅವನ ಸುತ್ತ ನಿಂತಿತ್ತು. ಅವನು ಗಣಿತದಲ್ಲಿ ಯಾವತ್ತೂ ಮೊದಲ ಸಾಲಿನಲ್ಲಿ ಕೂತವನಲ್ಲ.

ನಿಮ್ಮ ಮಗಳ ಮೂರು ವರ್ಷದ ಗೂಡಿನ ಲೆಕ್ಕ ಸಣ್ಣದಲ್ಲ. ಸಂಖ್ಯಾಶಾಸ್ತ್ರದ ಪಾಠದಲ್ಲಿ ಸರಾಸರಿ ಇದೆ. ಆ ನೋಟ್‌ಬುಕ್ಕಿನಿಂದಲೇ ಮಾಡಿಸಿ ನೋಡಿ.

ಆಶಾ ಕಾರ್ಯಕರ್ತೆ, ಮದ್ದೂರು ತಾಲ್ಲೂಕು

ಅಕ್ಕ, ಒಂದೇ ಮಾತು. ಊಟ ನಿದ್ದೆ ಹೀಗೇ ಕೆಡುತ್ತಾ ಹೋದರೆ, ಅಥವಾ "ನಾನಿದ್ದು ಏನು ಪ್ರಯೋಜನ" ಅನ್ನುವ ಥರದ ಮಾತು ಬಂದರೆ ಪರೀಕ್ಷೆ ಮುಗಿಯಲಿ ಅಂತ ಕಾಯಬೇಡಿ. ಟೆಲಿ ಮಾನಸ್ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಇದೆ, 14416ಕ್ಕೆ ಫೋನ್ ಮಾಡಿ. ದಿನಪೂರ್ತಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಮಗಳೂ ಮಾಡಬಹುದು, ನೀವೂ ಮಾಡಬಹುದು. ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ.

ಕೇಳಿದವರು: ತಾಯಿ, ಮಂಡ್ಯ

ಎಲ್ಲರದ್ದೂ ಓದಿದೆ. ಎರಡೆರಡು ಸಲ ಓದಿದೆ. ಮನೆಯವರಿಗೂ ಓದಿಸಿದೆ. ಅವರು ಏನೂ ಹೇಳಲಿಲ್ಲ, ಇನ್ನೊಂದು ಟ್ಯೂಷನ್ ಮಾತನ್ನೂ ಮತ್ತೆ ತೆಗೆಯಲಿಲ್ಲ.

ಕುವೆಂಪುನಗರದ ಅಕ್ಕ ಹೇಳಿದ ಹಾಗೆ ನಿನ್ನೆ ಅವರೆಕಾಯಿ ಸುಲಿಯುವಾಗ ಕೇಳಿದೆ. ಹೊತ್ತಾಯಿತು ಅವಳು ಬಾಯಿ ಬಿಡಲು. ಬೆಳಗಿನ ಗಣಿತದ ಟ್ಯೂಷನ್ ಬೇಡವಂತೆ, ಅಲ್ಲಿ ಅಂಕ ಜೋರಾಗಿ ಓದಿ ಹೇಳುತ್ತಾರಂತೆ. ವಿಜ್ಞಾನದ್ದು ಇರಲಿ ಅಂದಳು. ನಾನು ಎರಡನ್ನೂ ಬಿಡಿಸಲು ಹೊರಟಿದ್ದೆ! ಇವತ್ತು ಬೆಳಿಗ್ಗೆ ಆರೂವರೆವರೆಗೂ ಮಲಗಿದ್ದಳು. ಎಬ್ಬಿಸಲಿಲ್ಲ.

ಪರೀಕ್ಷೆ-2ರ ವಿಷಯ ಅವಳಿಗೆ ಮೊದಲೇ ಗೊತ್ತಿತ್ತಂತೆ. "ನಿಮಗೆ ಹೇಳಿದರೆ ನಾನು ಓದಲ್ಲ ಅಂದ್ಕೊಳ್ತೀರ ಅಂತ ಹೇಳಿರಲಿಲ್ಲ" ಅಂದಳು. ಅದನ್ನು ಕೇಳಿ ನನಗೆ ಅಳು ಬಂತು.

ಉತ್ತರಪತ್ರಿಕೆ ಸೋಮವಾರ ತರುತ್ತಾಳೆ. ಭಾನುವಾರ ಊರಿಗೆ ಹೋಗುತ್ತೇವೆ. ಈಗ ಪಕ್ಕದ ರೂಮಿನಲ್ಲಿ ತಾತನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದಾಳೆ. ದೇವಸ್ಥಾನದ ಹಿಂದಿನ ಹುಣಸೆ ಮರದಲ್ಲಿ ಎಷ್ಟು ಗೂಡಾಗಿದೆ ಅಂತ ಕೇಳುತ್ತಿದ್ದಾಳೆ. ತಾತ ಅಂದಾಜಿಗೆ ಏನೋ ಹೇಳಿರಬೇಕು. "ಹಾಗಲ್ಲ ತಾತ, ಸರಿಯಾಗಿ ಎಣಿಸಿ ಹೇಳು" ಅಂತ ಜೋರು ಮಾಡುತ್ತಿದ್ದಾಳೆ.