ಖೋಖೋದಲ್ಲಿ ಔಟ್ ಆದ ಮಗು ತಾನಾಗಿ ಒಪ್ಪಿಕೊಳ್ಳೋ ಹಾಗೆ ಪಂದ್ಯ ಏರ್ಪಡಿಸೋದು ಹೇಗೆ?

ಪ್ರಶ್ನೆ: ಹಿರಿಯ ಪ್ರಾಥಮಿಕ ಪಿಟಿ

ಹೋಬಳಿ ಮಟ್ಟದ ಕ್ರೀಡಾಕೂಟಕ್ಕೆ ಮುಂಚೆ ಶಾಲೆಯೊಳಗೇ ಖೋಖೋ ಮತ್ತು 4×100 ರಿಲೇ ಇಟ್ಟುಕೊಂಡಿದ್ದೇವೆ. 5ರಿಂದ 7ನೇ ತರಗತಿ, ನಾಲ್ಕು ಹೌಸ್, ಒಂದೊಂದರಲ್ಲಿ 12 ಮಕ್ಕಳು. ಸಿಗೋದು ಒಂದೇ ಮಧ್ಯಾಹ್ನ. ಬೆಳಿಗ್ಗೆ ಪ್ರತಿಜ್ಞೆ ಬೋಧಿಸ್ತೇವೆ, ಸೋಲು ಗೆಲುವು ಎರಡೂ ಒಂದೇ ಅಂತ ಭಾಷಣವೂ ಆಗುತ್ತೆ. ಅಂಗಳಕ್ಕಿಳಿದರೆ "ಮುಟ್ಟಿದೆ ಸಾರ್", "ಇಲ್ಲ ಸಾರ್, ಸುಳ್ಳು" ಅಂತ ಜಗಳ ಶುರು. ಪ್ರಾಮಾಣಿಕತೆಯನ್ನ ಆಟದ ಏರ್ಪಾಡಿನಲ್ಲೇ ಕಲಿಸಬಹುದಾ? ಔಟ್ ಒಪ್ಪಿಕೊಂಡ ಮಗುವಿನ ತಂಡಕ್ಕೆ ಒಂದು ಅಂಕ ಕೊಡೋಣ ಅಂತಿದೆ. ಸರಿ ಹೋಗುತ್ತಾ?

ಉತ್ತರ 1: ಕಂಬದಿಂದ ಕಂಬಕ್ಕೆ

ಅಂಕ ಮಾತ್ರ ಕೊಡಬೇಡಿ ಸರ್. ರನ್ನರ್ ಔಟಾದರೆ ಎದುರಾಳಿಗೆ ಅಂಕ ಹೋಗುತ್ತೆ. ಒಪ್ಪಿಕೊಂಡಿದ್ದಕ್ಕೆ ಇವರಿಗೂ ಒಂದು ಕೊಟ್ಟರೆ ಲೆಕ್ಕ ಸರಿಹೋಯ್ತು, ನಿಜ ಹೇಳಿದ್ದಕ್ಕೆ ಏನೂ ಕಳಕೊಂಡ ಹಾಗಾಗಲಿಲ್ಲ. ಆಮೇಲೆ ಸುಸ್ತಾದ ಹುಡುಗರು ಮುಟ್ಟಿಸಿಕೊಳ್ಳದೆಯೇ ಕೈ ಎತ್ತುತ್ತಾರೆ, ಕ್ಯಾಪ್ಟನ್ನೇ ಅದನ್ನ ಹೇಳಿಕೊಡ್ತಾನೆ. ನಿಜ ಹೇಳಿದ್ದಕ್ಕೆ ಆಗೋ ನಷ್ಟ ಆಗಲಿ ಬಿಡಿ. ನಷ್ಟ ಅಂತ ಗೊತ್ತಿದ್ದೂ ಕೈ ಎತ್ತಿದಾಗಲೇ ಮಗು ಏನೋ ಕಲಿತಿರುತ್ತೆ.

ನಿಯಮ ಹೀಗಿಡಿ. ಮುಟ್ಟಿಸಿಕೊಂಡ ರನ್ನರ್ ತಕ್ಷಣ ಕೈ ಎತ್ತಿ ಹೊರಗೆ ನಡೀಬೇಕು. ಕೈ ಎತ್ತದಿದ್ದರೂ ಅಂಪೈರ್ ಕಣ್ಣಿಗೆ ಬಿದ್ದಿದ್ದರೆ ಸೀಟಿ, ಔಟ್. ಅಂಪೈರೂ ನೋಡಿಲ್ಲ, ರನ್ನರೂ ಕೈ ಎತ್ತಿಲ್ಲ ಅಂದ್ರೆ ನಾಟೌಟ್, ಆಟ ಮುಂದುವರಿಯುತ್ತೆ. ಚೇಸರ್ ವಾದ ಮಾಡೋ ಹಾಗಿಲ್ಲ. ಇದರಿಂದ ಕೂಗಾಟ ನಿಲ್ಲುತ್ತೆ, ಮುಟ್ಟಿದ್ದು ಗೊತ್ತಿರೋದು ಯಾರಿಗೋ ಅವರ ಮೇಲೇ ಭಾರ ಬೀಳುತ್ತೆ. ಮಗು ತಾನೇ ಕೈ ಎತ್ತಲಿ ಅಂತ ಸೀಟಿಯನ್ನ ಬೇಕಂತ ತಡ ಮಾಡಬೇಡಿ. ಔಟಾದವನ ಹಿಂದೆಯೇ ಚೇಸರ್ ಓಡ್ತಾ ಇರ್ತಾನೆ, ಸಮಯ ಹಾಳು.

ಮರೆಯೋ ಇನ್ನೊಂದು ವಿಷಯ: ಸುಳ್ಳು ರನ್ನರ್ ಕಡೆ ಮಾತ್ರ ಇರಲ್ಲ. "ಖೋ" ಅನ್ನೋ ಶಬ್ದ, ಬೆನ್ನಿಗೆ ಕೈ ಎರಡೂ ಆಗೋಕೆ ಮುಂಚೆ ಅರ್ಧ ಎದ್ದುಬಿಡೋದು ಮಕ್ಕಳಲ್ಲಿ ಬಹಳ. ಹಾಗೆ ಎದ್ದ ಮಗು ಅಂಪೈರ್ ಹೇಳೋವರೆಗೆ ಕಾಯದೆ ವಾಪಸ್ ಕೂತು ಖೋ ತಗೊಳ್ಳಲಿ. ಅಭ್ಯಾಸದಲ್ಲೇ ಇದನ್ನ ರೂಢಿ ಮಾಡಿಸಿ.

ನಾಕೌಟ್ ಬೇಡ. ಎರಡು ಹೌಸ್ ಒಂದೇ ಆಟ ಆಡಿ ಮುಗಿಸ್ತವೆ, ಮೊದಲ ಪಂದ್ಯದಲ್ಲಿ ತಪ್ಪು ಮಾಡಿದ ಮಗುವಿಗೆ ಸರಿಪಡಿಸಿಕೊಳ್ಳೋ ಅವಕಾಶವೇ ಇಲ್ಲ. ಎಲ್ಲರೂ ಎಲ್ಲರ ಜೊತೆ ಆಡಿದರೆ 6 ಪಂದ್ಯ. ಎರಡೂ ತಂಡಕ್ಕೆ ತಲಾ 5 ನಿಮಿಷದ ಒಂದೊಂದು ಟರ್ನ್ (ಅಟ್ಟಿಸಿಕೊಂಡು ಹೋಗೋ ಸರದಿ), ನಡುವೆ 3 ನಿಮಿಷ, ಒಟ್ಟು 13. ಪಂದ್ಯಕ್ಕೆ 15 ನಿಮಿಷ ಹಿಡಿದರೂ ಒಂದೂವರೆ ಗಂಟೆಯಲ್ಲಿ ಮುಗಿಯುತ್ತೆ. ಅಂಗಳಕ್ಕೆ ಇಳಿಯೋದು 9 ಜನ, ಉಳಿಯೋದು ಮೂವರು. ಮೊದಲ ಪಂದ್ಯದಲ್ಲಿ ಹೊರಗೆ ಕೂತ ಆ ಮೂವರೇ ಮುಂದಿನ ಪಂದ್ಯದಲ್ಲಿ ಓಡೋ ಮೊದಲ ಬ್ಯಾಚು ಅಂತ ಬರೆದಿಟ್ಟುಬಿಡಿ. ಕ್ಯಾಪ್ಟನ್‌ಗೆ ಬಿಟ್ಟರೆ ಚುರುಕಿಲ್ಲದ ಮಕ್ಕಳು ನೀರಿನ ಬಾಟಲಿ ಕಾಯ್ತಾ ಕೂರ್ತಾರೆ.

ಉತ್ತರ 2: ಸುಣ್ಣದ ಗೆರೆ

ಅಂಕ ಬೇಡ ಅನ್ನೋದು ಒಪ್ಪಿದೆ. ಆದರೆ ಹತ್ತು ವರ್ಷದ ಮಗುವಿಗೆ ಯಾರೋ ಗಮನಿಸಿದರು ಅನ್ನೋದಾದರೂ ತಿಳೀಬೇಕಲ್ಲ? ಅದನ್ನ ಎದುರಾಳಿಗಳ ಬಾಯಲ್ಲೇ ಹೇಳಿಸಿ. ಕೈ ಕುಲುಕಿದ ಮೇಲೆ ಪ್ರತಿ ಕ್ಯಾಪ್ಟನ್ ಎದುರು ತಂಡದ ಒಬ್ಬರ ಬಗ್ಗೆ ಒಂದೇ ವಾಕ್ಯ: "7ನೇ ನಂಬರ್, ಕಂಬದ ಹತ್ರ ಬೆರಳ ತುದಿ ತಾಗಿತ್ತು, ಅಂಪೈರ್ ನೋಡಿರಲಿಲ್ಲ, ಅವಳೇ ಕೈ ಎತ್ತಿದಳು." ಮರುದಿನ ಪ್ರಾರ್ಥನೆ ವೇಳೆ ಅದನ್ನೇ ಹಾಗೇ ಓದಿ. "ಪ್ರಾಮಾಣಿಕ ವಿದ್ಯಾರ್ಥಿನಿ" ಅಂತ ಬಿರುದು ಕೊಟ್ಟರೆ ಉಳಿದವರು ಅಪ್ರಾಮಾಣಿಕರು ಅಂದ ಹಾಗಾಗುತ್ತೆ.

ತೀರ್ಪು ಮಕ್ಕಳೇ ಕೊಡಲಿ. ಆಡದ ಹೌಸ್‌ನಿಂದ ಇಬ್ಬರು ಅಂಪೈರ್, ಒಬ್ಬ ಸ್ಕೋರರ್, ಒಬ್ಬ ಟೈಮ್ ನೋಡೋನು. ಸೀಟಿ ಹಿಡಿದ ಮಗುವಿಗೆ ತೀರ್ಪಿನ ಕಷ್ಟ ಅರ್ಥವಾಗುತ್ತೆ, ಮುಂದಿನ ಪಂದ್ಯದಲ್ಲಿ ಅದರ ವಾದ ಕಡಿಮೆಯಾಗುತ್ತೆ. ಕೊನೆಯ ಎರಡು ಪಂದ್ಯಕ್ಕೆ ಮಾತ್ರ ಸೀಟಿ ನೀವೇ ಹಿಡೀರಿ. ಅಷ್ಟೊತ್ತಿಗೆ ಯಾರು ಸೋತರೆ ತಮಗೆ ಅನುಕೂಲ ಅನ್ನೋದು ಅಂಪೈರ್ ಮಕ್ಕಳಿಗೂ ಗೊತ್ತಾಗಿರುತ್ತೆ. ಆ ಇಕ್ಕಟ್ಟಿಗೆ ಅವರನ್ನ ತಳ್ಳಬಾರದು.

ಇನ್ನು ದೊಡ್ಡವರ ಬಾಯಿ. ಗೆರೆ ಪಕ್ಕ ನಿಂತ ಮೇಷ್ಟ್ರು "ಏ, ಸುಮ್ನೆ ಓಡು, ಕೈ ಎತ್ಬೇಡ" ಅಂದರೆ ಅಲ್ಲಿಗೆ ಮುಗೀತು. ಅಂಗಳದಿಂದ 3 ಮೀಟರ್ ಆಚೆ ಇನ್ನೊಂದು ಸುಣ್ಣದ ಗೆರೆ ಎಳೀರಿ. ಶಿಕ್ಷಕರು, ಪೋಷಕರು ಎಲ್ಲ ಅದರಾಚೆ. ಸಲಹೆ ಟರ್ನ್ ಬದಲಾಗೋ ಆ 3 ನಿಮಿಷದಲ್ಲಿ ಮಾತ್ರ.

ಉತ್ತರ 3: ನಾಲ್ಕನೇ ಓಟ

ರಿಲೇ ಬಗ್ಗೆ ಯಾರೂ ಹೇಳಲಿಲ್ಲ. ಬ್ಯಾಟನ್ ಬಿದ್ದ ತಕ್ಷಣ ಮೂರು ಮಕ್ಕಳು ಸೇರಿ ಒಂದು ಮಗುವನ್ನ ಬೈಯೋದೇ ಅಲ್ಲಿನ ದೊಡ್ಡ ಸಮಸ್ಯೆ. ನಿಯಮದ ಪ್ರಕಾರ ಬೀಳಿಸಿದವರೇ ಎತ್ತಿಕೊಳ್ಳಬೇಕು, ಹಾಗಾಗಿ ತಪ್ಪೂ ಅವರದೇ ಅಂತ ಮಕ್ಕಳು ತಿಳೀತಾರೆ. ಎಷ್ಟೋ ಸಲ ತೆಗೆದುಕೊಳ್ಳೋನು ಬೇಗ ಹೊರಟಿರ್ತಾನೆ ಅಥವಾ ಕೈ ಅಲ್ಲಾಡಿಸ್ತಿರ್ತಾನೆ. ವಿನಿಮಯ ವಲಯ 30 ಮೀಟರ್. ಹೊರಡೋ ಮಗು ನಿಂತ ಜಾಗದಿಂದ ಹಿಂದಕ್ಕೆ ಅದರದೇ 15 ಪಾದ ಅಳೆದು ನೆಲದಲ್ಲಿ ಗುರುತು ಹಾಕಿಸಿ, ಓಡಿ ಬರೋನು ಗುರುತು ದಾಟಿದಾಗ ಇದು ಹೊರಡಲಿ. ಸಿಗದಿದ್ದರೆ ಪಾದ ಕಡಿಮೆ ಮಾಡಿ, ಮೈಮೇಲೆ ಬಂದರೆ ಹೆಚ್ಚಿಸಿ. ಬಿದ್ದಾಗ "ಯಾರು ಬೀಳಿಸಿದ್ದು?" ಅನ್ನಬೇಡಿ. "ಎಷ್ಟನೇ ಬದಲಾವಣೆಯಲ್ಲಿ?" ಅಂತ ಕೇಳಿ, ಆ ಜೋಡಿಯನ್ನೇ ಕರೆದು ಗುರುತು ಮತ್ತೆ ಅಳೆಸಿ.

ಮಕ್ಕಳಿಗೆ ಉದಾಹರಣೆ ಬೇಕಿದ್ದರೆ ನಮ್ಮ ಭದ್ರಾವತಿಯ ಜಿ.ಆರ್. ವಿಶ್ವನಾಥ್ ಇದ್ದಾರೆ. 1980ರ ಮುಂಬೈ ಟೆಸ್ಟ್‌ನಲ್ಲಿ ನಾಯಕರಾಗಿದ್ದಾಗ, ಅಂಪೈರ್ ಔಟ್ ಕೊಟ್ಟಿದ್ದ ಇಂಗ್ಲೆಂಡಿನ ಬಾಬ್ ಟೇಲರ್‌ರನ್ನ ವಾಪಸ್ ಕರೆದರು. ಆಮೇಲೆ ಟೇಲರ್ ಮತ್ತು ಬೋಥಮ್ 171 ರನ್ ಜೊತೆಯಾಟ ಆಡಿದರು, ಭಾರತ 10 ವಿಕೆಟ್‌ಗಳಿಂದ ಸೋತಿತು. ಸೋತಿದ್ದನ್ನ ಬಿಟ್ಟು ಹೇಳಬೇಡಿ. ಒಳ್ಳೇದು ಮಾಡಿದರೆ ಗೆಲ್ತೀವಿ ಅಂತ ಹೇಳಿಕೊಟ್ಟರೆ ಮೊದಲ ಸೋಲಿಗೇ ಮಗು ಆ ಮಾತನ್ನ ನಂಬೋದು ಬಿಡುತ್ತೆ.

ಹೋಬಳಿಗೆ ಹೋಗುವಾಗ ಜನ್ಮದಿನಾಂಕ ದಾಖಲಾತಿ ವಹಿಯಲ್ಲಿ ಇದ್ದ ಹಾಗೇ ಬರೀರಿ. 14 ದಾಟಿದ ಹುಡುಗನನ್ನ ಬೇರೆ ಮಗುವಿನ ಹೆಸರಲ್ಲಿ ಇಳಿಸಿದರೆ, "ಕೇಳಿದ್ರೆ ಈ ಹೆಸರು ಹೇಳು" ಅಂತ ಆ ಹುಡುಗನಿಗೆ ಹೇಳಿಕೊಡಲೇಬೇಕಾಗುತ್ತೆ. ಹನ್ನೊಂದು ಮಕ್ಕಳು ಅದನ್ನ ಕೇಳಿಸಿಕೊಳ್ತಾರೆ.

ಹಿರಿಯ ಪ್ರಾಥಮಿಕ ಪಿಟಿ

ಅಂಕದ ಯೋಚನೆ ಬಿಟ್ಟೆ. ಒಂದು ಅನುಮಾನ: ರನ್ನರ್ ಕೈ ಎತ್ತಿದ, ಆದರೆ ಚೇಸರ್ರೇ "ನಾನು ಮುಟ್ಟಿಲ್ಲ" ಅಂದರೆ?

ಕಂಬದಿಂದ ಕಂಬಕ್ಕೆ

ರನ್ನರ್ ಒಳಗೇ ಉಳಿಯಲಿ, ಅಂಕ ಇಲ್ಲ. ಸ್ಕೋರ್ ಹಾಳೆಯ ಅಂಚಿನಲ್ಲಿ ಇಬ್ಬರ ನಂಬರನ್ನೂ ಬರೆಸಿ, ಪ್ರಾರ್ಥನೆ ವೇಳೆ ಓದೋಕೆ ಆಗುತ್ತೆ.