ಒಮಾನ್ ಮರಳುಗಾಡಲ್ಲಿ ಸಿಕ್ಕ ಕರಿ ಕಲ್ಲು: ಎಚ್ ಗುಂಪೋ, ಎಲ್ ಗುಂಪೋ?

ಕುಡ್ಲದವ
ನಾನಿರುವುದು ಮಸ್ಕತ್‌ನಲ್ಲಿ. ಹೋದ ವಾರ ರಜೆಗೆ ಜಿದ್ದತ್ ಅಲ್ ಹರಾಸೀಸ್ ಮರಳುಗಾಡಿನ ಕಡೆ ಹೋಗಿದ್ದೆವು. ಸುತ್ತ ಬೆಳ್ಳಗಿನ ಸುಣ್ಣಕಲ್ಲು, ನಡುವೆ ಇದೊಂದೇ ಕಪ್ಪಗೆ ಕೂತಿತ್ತು, ಉಲ್ಕಾಶಿಲೆ ಇರಬೇಕು ಅನ್ನಿಸಿತು. ಸಣ್ಣ ಮೋಸಂಬಿಯಷ್ಟಿದೆ, 412 ಗ್ರಾಂ. ಅಳತೆ ಜಗ್ಗಿಗೆ ಇಳಿಸಿದಾಗ ನೀರು 125 ಮಿಲಿ ಏರಿತು, ಅಂದರೆ ಸಾಂದ್ರತೆ 3.3. ಒಂದು ಮೂಲೆಯನ್ನು ಸ್ಯಾಂಡ್ ಪೇಪರ್‌ನಲ್ಲಿ ಉಜ್ಜಿದರೆ ಒಳಗೆ ತುಕ್ಕಿನ ಬಣ್ಣ, ಅಲ್ಲಲ್ಲಿ ಸೂಜಿಮೊನೆಯಷ್ಟು ಬೆಳ್ಳಿ ಚುಕ್ಕೆ, ಸಾಸಿವೆಗಿಂತ ಚಿಕ್ಕ ದುಂಡು ಕಾಳುಗಳು. ಹಳೇ ಸ್ಪೀಕರ್‌ನ ಮ್ಯಾಗ್ನೆಟ್ ಟಕ್ ಅಂತ ಅಂಟಿಕೊಂಡಿತು. ಲೋಹ ಜಾಸ್ತಿ ಇರುವ ಎಚ್ ಗುಂಪಿನದು ಅಂತ ಎಚ್5 ಎಂದು ಬರೆದುಕೊಳ್ಳಲಾ?

ಕಲ್ಲುಹುಚ್ಚ
ಮ್ಯಾಗ್ನೆಟ್ ಯಾಕೆ ಹಿಡಿದಿರಿ ಮಾರಾಯ್ರೆ! ಆ ಕಲ್ಲಲ್ಲಿ ಉಳಿದಿರುವ ಹಳೇ ಕಾಂತೀಯ ಗುರುತು ಅದರಿಂದ ಅಳಿಸಿಹೋಗುತ್ತದೆ. ಆಮೇಲೆ ಬೇಕೆಂದರೂ ಸಿಗಲ್ಲ. ಇರಲಿ. ದುಂಡು ಕಾಳು ಕಾಂಡ್ರೂಲ್ (ಕರಗಿದ ಹನಿ ಗಟ್ಟಿಯಾಗಿ ಆದ ಖನಿಜದ ಗುಂಡು) ಆಗಿದ್ದು, ಬೆಳ್ಳಿ ಚುಕ್ಕೆ ಲೋಹವೇ ಆಗಿದ್ದರೆ ಸಾಮಾನ್ಯ ಕಾಂಡ್ರೈಟ್, ಅಂದರೆ ಅಂಥ ಕಾಳುಗಳಿರುವ ಉಲ್ಕಾಶಿಲೆ, ಇರಬೇಕು. ಆದರೆ ಅದರಲ್ಲಿ ಎಚ್ ಗುಂಪೋ ಎಲ್ ಗುಂಪೋ ಅಂತ ಕಣ್ಣಲ್ಲಿ ನೋಡಿ ಹೇಳುವುದು ಜೂಜು. ಎಚ್‌ನಲ್ಲಿ ಲೋಹ ಜಾಸ್ತಿ ನಿಜ, ಆದರೆ ನಿಮ್ಮ ಕಲ್ಲಲ್ಲಿ ಎಷ್ಟೋ ಲೋಹ ಆಗಲೇ ತುಕ್ಕಾಗಿದೆ, ಸಾಂದ್ರತೆಯೂ ಅದರ ಜೊತೆ ಇಳಿದಿರುತ್ತದೆ. ಹಾಗಾಗಿ ಆ 3.3 ನಂಬಬೇಡಿ. ತೆಳು ಸೀಳು ಮಾಡಿ ಮೈಕ್ರೋಪ್ರೋಬ್‌ನಲ್ಲಿ ಆಲಿವೀನ್ ಅನ್ನುವ ಖನಿಜದ ಸಂಯೋಜನೆ ಅಳೆಯಬೇಕು. ಅದರಲ್ಲಿ ಫಯಲೈಟ್, ಅಂದರೆ ಕಬ್ಬಿಣದ ಆಲಿವೀನ್‌ನ ಪಾಲು, ಶೇಕಡಾ 16ರಿಂದ 20 ಬಂದರೆ ಎಚ್, 22–26 ಆದರೆ ಎಲ್, ಅದಕ್ಕೂ ಮೇಲೆ 27–32 ಬಂದರೆ ಮೂರನೇ ಗುಂಪು ಎಲ್‌ಎಲ್. ಎಚ್ ಪಕ್ಕದ 5 ಬರುವುದು ಕಾಂಡ್ರೂಲ್ ಅಂಚು ಎಷ್ಟು ಮಸುಕಾಗಿದೆ ಅನ್ನುವುದರಿಂದ. 3ರಲ್ಲಿ ಎದ್ದು ಕಾಣುತ್ತವೆ, 6ರಲ್ಲಿ ಹುಡುಕಬೇಕು. ಸದ್ಯ ನೀವು ಬರೆಯಬಹುದಾದ್ದು ತುಕ್ಕಿನ ಅಂದಾಜು ಮಾತ್ರ: ಲೋಹದಲ್ಲಿ 20ರಿಂದ 60 ಶೇಕಡಾ ತುಕ್ಕಾಗಿದ್ದರೆ ಡಬ್ಲ್ಯೂ2, 60ರಿಂದ 95 ಆದರೆ ಡಬ್ಲ್ಯೂ3.

ಮರಳುಮನೆ
ಸೂಟ್‌ಕೇಸಿಗೆ ಹಾಕಿಕೊಂಡು ಊರಿಗೆ ಮಾತ್ರ ತರಬೇಡಿ. ಒಮಾನ್‌ನಿಂದ ಅನುಮತಿ ಇಲ್ಲದೆ ಉಲ್ಕಾಶಿಲೆ ಹೊರಗೆ ಒಯ್ಯುವಂತಿಲ್ಲ. 2001ರಿಂದ ಸ್ವಿಸ್ ತಂಡವೊಂದು ಅಲ್ಲಿನ ಸರ್ಕಾರದ ಜೊತೆ ಸೇರಿ ಹುಡುಕುತ್ತಿದೆ, ಅಧಿಕೃತ ದಾರಿಯಲ್ಲೇ ಹೋಗಿ. ಹೆಸರು ಕೊಡಬೇಕೆಂದರೆ 20 ಗ್ರಾಂ ಮಾದರಿ ಸಂಸ್ಥೆಯೊಂದರಲ್ಲಿ ಇಡಬೇಕು. ಅದಕ್ಕಿಂತ ಮುಖ್ಯ, ಸಿಕ್ಕ ಜಾಗ. ಜಿದ್ದತ್ ಅಲ್ ಹರಾಸೀಸ್ 073 ಅಂತ ಎಲ್6 ಕಲ್ಲಿದೆ, ಅದೊಂದರದ್ದೇ ಸಾವಿರಾರು ತುಂಡು ಅಲ್ಲಿ ಚೆಲ್ಲಿವೆ. ನಿಮ್ಮದು ಅದರ ಪಕ್ಕದಲ್ಲೇ ಬಿದ್ದಿತ್ತಾ ಅಂತ ಮೊದಲು ನೋಡಬೇಕಲ್ವಾ. ಜಿಪಿಎಸ್ ಬರೆದಿಟ್ಟಿದ್ದೀರಾ?

ಕುಡ್ಲದವ
ಬರೆದಿಲ್ಲ. ಫೋಟೋದಲ್ಲಿ ಲೊಕೇಶನ್ ಇದೆ, ಆದರೆ ಕಲ್ಲನ್ನು ಕಾರಿನ ಬಾನೆಟ್ ಮೇಲಿಟ್ಟು ತೆಗೆದದ್ದು. ಎತ್ತಿದ ಜಾಗ ಅಲ್ಲಿಂದ ಹತ್ತು ನಿಮಿಷದ ನಡಿಗೆ, ಯಾವ ದಿಕ್ಕು ಅಂತ ಗೆಳೆಯನನ್ನು ಕೇಳಬೇಕು.